ಆರ್‌ಪಿಎಂ ಮುಳ್ಳು ಜಾಸ್ತಿ ತೋರಿಸುತ್ತಿತ್ತು, ತಪ್ಪು ಮೀಟರಿನದಲ್ಲ

ನನ್ನ ಹಳೇ ಡೀಸೆಲ್ ಕಾರಿಗೆ ಬೇರೆ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಕೂರಿಸಿದ ಮೇಲೆ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು ಐಡ್ಲಿಂಗಿನಲ್ಲೇ, ಅಂದರೆ ಎಕ್ಸಿಲೇಟರ್ ಒತ್ತದೆ ಇಂಜಿನ್ ಓಡುವಾಗಲೇ, 900ರ ಹತ್ತಿರ ನಿಲ್ಲತೊಡಗಿತು. ಕಿವಿಗೆ ಮಾತ್ರ ಇಂಜಿನ್ ಮೊದಲಿನಷ್ಟೇ ನಿಧಾನ. "ಮೀಟರ್ ಹೋಗಿದೆ ಅಣ್ಣಾ, ಬೇರೆ ಹಾಕಿಸ್ಬಿಡಿ" ಅಂದ ಗ್ಯಾರೇಜಿನ ಹುಡುಗ. ಇನ್ನೊಬ್ಬರು ಐಡ್ಲಿಂಗ್ ಸ್ಕ್ರೂ ತಿರುಗಿಸಲು ಹೊರಟಿದ್ದರು. ತಡೆದೆ. ನಿಜವಾದ ಆರ್‌ಪಿಎಂ ಎಷ್ಟೆಂದೇ ಗೊತ್ತಿಲ್ಲದೆ ಸ್ಕ್ರೂ ಮುಟ್ಟುವುದು ನನಗೆ ಆಗಿಬರದ ಕೆಲಸ.

ಕ್ರ್ಯಾಂಕ್ ಪುಲ್ಲಿಯ (ಇಂಜಿನ್ ಜೊತೆಗೇ ತಿರುಗಿ ಬೆಲ್ಟ್ ಎಳೆಯುವ ಚಕ್ರ) ಜಿಡ್ಡು ಒರೆಸಿ, ಬೆಳಕಿಗೆ ಮಿಂಚುವ ಸ್ಟಿಕ್ಕರಿನ ಸಣ್ಣ ತುಂಡು ಅಂಟಿಸಿ, ಬೆಳಕು ಬಿಟ್ಟು ಸುತ್ತು ಎಣಿಸುವ ಲೇಸರ್ ಟ್ಯಾಕೋಮೀಟರ್ ಹಿಡಿದೆ. 750 ಬಂತು. ಡ್ಯಾಶ್‌ಬೋರ್ಡಿನಲ್ಲಿ 875ರ ಆಸುಪಾಸು. ಗೆಳೆಯನನ್ನು ಸೀಟಿನಲ್ಲಿ ಕೂರಿಸಿ ಎಕ್ಸಿಲೇಟರ್ ಒತ್ತಿಸಿದೆ: ನಿಜಕ್ಕೆ 1500 ಇದ್ದಾಗ ಮುಳ್ಳು 1750, 2400 ಇದ್ದಾಗ 2800. ಅರ್ಧ ಕೆಲಸ ಅಲ್ಲೇ ಮುಗಿಯಿತು. ಮುಳ್ಳು ತನ್ನ ಜಾಗದಿಂದ ಸರಿದು ಕೂತಿದ್ದರೆ ಎಲ್ಲ ವೇಗದಲ್ಲೂ ಅದೇ 125 ಹೆಚ್ಚು ಬರಬೇಕಿತ್ತು. ಅರ್ತಿಂಗ್ ಸಡಿಲವಾಗಿದ್ದರೆ ಹೆಡ್‌ಲೈಟ್ ಹಾಕಿದಾಗ ಮುಳ್ಳು ಅಲ್ಲಾಡಬೇಕಿತ್ತು. ಹಾಕಿ ನೋಡಿದೆ, ಅಲ್ಲಾಡಲಿಲ್ಲ. ಬೆಲ್ಟ್ ಜಾರಿದರೆ ಕಡಿಮೆ ತೋರಿಸೀತೇ ಹೊರತು ಹೆಚ್ಚು ತೋರಿಸದು. ಇಲ್ಲಿ ಪ್ರತಿ ಸಲವೂ ನಿಜಕ್ಕಿಂತ ಆರನೇ ಒಂದು ಪಾಲು ಹೆಚ್ಚು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಹಳೇ ಪೆಟ್ರೋಲ್ ಕಾರುಗಳಂತೆ ಇಗ್ನಿಷನ್ ಕಾಯಿಲಿನಿಂದ ಸಿಗ್ನಲ್ ತೆಗೆಯಲಾಗದು. ನನ್ನ ಗಾಡಿಯಲ್ಲಿ ಡೈನಮೋ ಹಿಂದಿನ ‘ಡಬ್ಲ್ಯೂ’ ಟರ್ಮಿನಲ್‌ನಿಂದ ಮೀಟರಿಗೆ ವೈರ್ ಹೋಗುತ್ತದೆ. ಅಂದರೆ ಮೀಟರ್ ಎಣಿಸುವುದು ಡೈನಮೋ ಸುತ್ತನ್ನೇ. ಡೈನಮೋ ಬದಲಾದಾಗ ಈ ಲೆಕ್ಕ ತಪ್ಪಬೇಕಾದರೆ ಒಂದೋ ಒಳಗಿನ ಪೋಲ್‌ಗಳ (ಅಯಸ್ಕಾಂತದ ಧ್ರುವಗಳ) ಸಂಖ್ಯೆ ಬೇರೆ ಇರಬೇಕು, ಇಲ್ಲವೇ ಪುಲ್ಲಿಯ ಅಳತೆ ಬೇರೆ ಇರಬೇಕು; ಪುಲ್ಲಿ ಸಣ್ಣದಾದಷ್ಟೂ ಡೈನಮೋ ಜೋರಾಗಿ ಸುತ್ತುತ್ತದೆ.

ಹಳೇ ಡೈನಮೋ ಇನ್ನೂ ಗುಜರಿಗೆ ಹಾಕಿರಲಿಲ್ಲ, ಪುಣ್ಯ. ಬೆಲ್ಟ್ ಕೂರುವಲ್ಲಿ ಅದರ ಪುಲ್ಲಿ 70 ಮಿ.ಮೀ., ಹೊಸದರದು 60. ಪಕ್ಕದಲ್ಲಿಟ್ಟು ನೋಡದಿದ್ದರೆ ಕಣ್ಣಿಗೆ ಬೀಳದಂಥ ವ್ಯತ್ಯಾಸ, ಆದರೆ 70ನ್ನು 60ರಿಂದ ಭಾಗಿಸಿದರೆ ಸರಿಯಾಗಿ ಅದೇ ಆರನೇ ಒಂದು ಪಾಲು ಹೆಚ್ಚು. ಪೋಲ್‌ಗಳ ಅನುಮಾನವೂ ಉಳಿಯದಿರಲಿ ಎಂದು ಮಲ್ಟಿಮೀಟರನ್ನು ಹರ್ಟ್ಜ್‌ಗೆ (ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಅಳತೆಗೆ) ತಿರುಗಿಸಿ ‘ಡಬ್ಲ್ಯೂ’ಗೆ ಹಿಡಿದೆ. ಕ್ರ್ಯಾಂಕ್ ಪುಲ್ಲಿ 140 ಮಿ.ಮೀ., ಇಂಜಿನ್ 750. ಹಾಗಾದರೆ ಡೈನಮೋ ನಿಮಿಷಕ್ಕೆ 1750 ಸುತ್ತು. ಪ್ರತಿ ಜೋಡಿ ಪೋಲ್ ಒಂದು ಸುತ್ತಿಗೆ ಒಂದು ಮಿಡಿತ ಕೊಡುತ್ತದೆ; ಹನ್ನೆರಡು ಪೋಲ್, ಅಂದರೆ ಆರು ಜೋಡಿ ಇದ್ದರೆ 175 ಹರ್ಟ್ಜ್ ಬರಬೇಕು. ಒಂದೆರಡು ಅಂಕಿ ಆಚೀಚೆ ಆಡುತ್ತಾ ಅಲ್ಲೇ ನಿಂತಿತು. ಹಳೆಯದರಲ್ಲೂ ಆರು ಜೋಡಿಯೇ. ಉಳಿದದ್ದು ಪುಲ್ಲಿ ಒಂದೇ.

ಎರಡರ ಶಾಫ್ಟೂ ಒಂದೇ ಅಳತೆಯವಾದ್ದರಿಂದ ಹಳೇ ಪುಲ್ಲಿಯನ್ನೇ ಹೊಸದಕ್ಕೆ ಹಾಕಿ, ಬೆಲ್ಟ್ ಟೆನ್ಷನ್ ಮತ್ತೆ ಹೊಂದಿಸಿದೆ. ಮುಳ್ಳು 750ಕ್ಕೆ ಇಳಿಯಿತು. ದೊಡ್ಡ ಪುಲ್ಲಿ ಹಾಕಿದರೆ ಡೈನಮೋ ನಿಧಾನವಾಗುತ್ತದೆ, ಚಾರ್ಜಿಂಗ್ ಸಾಲದೆ ಹೋಗಬಹುದು. ಅದಕ್ಕೇ ಐಡ್ಲಿಂಗಿನಲ್ಲಿ ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿ ಬ್ಯಾಟರಿ ಮೇಲೆ ಅಳೆದೆ: 13.8 ವೋಲ್ಟ್. ಐಡ್ಲಿಂಗ್ ಸ್ಕ್ರೂ ಮುಟ್ಟುವ ಪ್ರಸಂಗವೇ ಬರಲಿಲ್ಲ.