ಮನೆಮಂದಿಯೆಲ್ಲ ಕೂತು ಒಂದು ಕೌದಿ ಹೊಲಿಯಿರಿ

ಕೌದಿ ಅಂದರೆ ಹಳೆಯ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ. ಮೊದಲ ಸಲಕ್ಕೆ ದೊಡ್ಡ ಕೌದಿ ಬೇಡ, ಒಂದು ಹಳೆಯ ಕಾಟನ್ ಸೀರೆ ಸಾಕು. 5.5 ಮೀಟರ್ ಸೀರೆಯನ್ನು ಉದ್ದಕ್ಕೆ ಎರಡು ಸಲ ಮಡಚಿದರೆ ನಾಲ್ಕು ಪದರ ಆಗುತ್ತದೆ. ಅಳತೆ ಹೆಚ್ಚುಕಡಿಮೆ 1.35 ಮೀಟರ್ ಉದ್ದ, 1.1 ಮೀಟರ್ ಅಗಲ. ಕೂಸಿಗೆ ಹೊದಿಸಲು ಇಷ್ಟು ಸಾಕಲ್ವಾ? ಪಾಲಿಸ್ಟರ್ ಸೀರೆ ಮಾತ್ರ ತೆಗೆದುಕೊಳ್ಳಬೇಡಿ. ಪದರಗಳು ಜಾರುತ್ತವೆ, ಬೆವರು ಹೀರುವುದಿಲ್ಲ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಅದರ ಮೇಲೆ ಮಲಗೋದು ಆಗದ ಮಾತು.

ಮೇಲೆ ಹಚ್ಚುವ ತುಂಡುಗಳನ್ನು ಒಬ್ಬರೇ ಆರಿಸಬಾರದು. ಮುತ್ಯಾ ತಮ್ಮ ಧೋತರ ಕೊಡಲಿ, ಅವ್ವ ಇಳಕಲ್ ಸೀರೆಯ ಅಂಚು ಕೊಡಲಿ, ಹುಡುಗ ತನಗೆ ಗಿಡ್ಡವಾದ ಶಾಲೆ ಅಂಗಿ ತರಲಿ. ಬಣ್ಣ ಹೊಂದುತ್ತಾ ಇಲ್ವಾ ಅನ್ನೋ ಮಾತು ಬೇಡ. ತೀರಿಹೋದವರ ಸೀರೆ ಇದ್ದರೆ ಕತ್ತರಿ ಹಾಕುವ ಮೊದಲು ಎಲ್ಲರನ್ನೂ ಕೇಳಿ, ಒಬ್ಬರಿಗೆ ಮನಸ್ಸಿಲ್ಲದಿದ್ದರೂ ಅದು ಟ್ರಂಕಿನಲ್ಲೇ ಇರಲಿ. ಕೆಂಪು, ಕಡುನೀಲಿ ತುಂಡುಗಳನ್ನು ಬೇರೆ ಬಕೆಟಿನಲ್ಲಿ ನೆನೆಸಿ, ಬಣ್ಣ ಬಿಡುವುದು ನಿಲ್ಲುವವರೆಗೂ ಒಗೆಯಿರಿ.

ಈಗ ಚಾಪೆ ಹಾಸಿ, ಮಡಚಿದ ಸೀರೆ ಹರಡಿ, ಸುಕ್ಕು ತೆಗೆಯಿರಿ. ನಾಲ್ಕೂ ಅಂಚಿಗೆ ಮತ್ತು ನಡುವೆ ಅಡ್ಡಕ್ಕೂ ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕಿ. ತುಂಡುಗಳ ಅಂಚನ್ನು ಒಳಗೆ ಮಡಚಿ ಮೇಲೆ ಇಟ್ಟು, ಹೊರಗಿನ ಅಂಚಿನಿಂದ ಸುತ್ತ ಹೊಲಿಯುತ್ತಾ ಒಳಗೆ ಬನ್ನಿ. ಸಾಲಿಗೂ ಸಾಲಿಗೂ ಒಂದು ಬೆರಳಿನಷ್ಟು ಜಾಗ ಇರಲಿ. ದಪ್ಪ ಸೂಜಿ, ಗಟ್ಟಿ ಕಾಟನ್ ದಾರ ಬೇಕು. ಹೊಲಿದು ಮುಗಿದ ಮೇಲೆ ಕಚ್ಚಾ ದಾರ ಎಳೆದು ತೆಗೆಯಿರಿ.

ಮಷೀನ್ ಇದ್ದರೆ ಇದೇ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಮಷೀನ್ ಮುಂದೆ ಒಬ್ಬರೇ ಕೂರಬಹುದು. ಕೌದಿಗೆ ನಾಲ್ಕು ಬದಿ ಇದೆ. ಒಂದು ಬದಿಗೆ ಆಯಿ, ಇನ್ನೊಂದಕ್ಕೆ ಅಪ್ಪ, ಊರಿಂದ ಬಂದ ಸಣ್ಣವ್ವ, ಜೊತೆಗೆ ಹುಡುಗರು. ಆಯಿಗೆ ಸೂಜಿಯ ಕಣ್ಣು ಕಾಣಿಸುವುದಿಲ್ಲ, ಮೊಮ್ಮಗಳು ದಾರ ಪೋಣಿಸಿ ಕೊಡಲಿ, ಗಂಟು ಹಾಕೋದನ್ನು ಆಯಿ ಅವಳಿಗೆ ಕಲಿಸಲಿ. ಇಷ್ಟೇ ದಿನದಲ್ಲಿ ಮುಗಿಸಬೇಕು ಅಂತ ಇಟ್ಟುಕೊಳ್ಳಬೇಡಿ. ಬೇಸರ ಬಂದ ದಿನ ಸುತ್ತಿಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾರು ಹೊಲಿದದ್ದನ್ನೂ ಬಿಚ್ಚಬೇಡಿ. ಸಣ್ಣ ಹುಡುಗಿ ಹೊಲಿದ ಸಾಲು ಸೊಟ್ಟ ಹೋಗುತ್ತದೆ. ರಾತ್ರಿ ಅವಳು ಮಲಗಿದ ಮೇಲೆ ಅದನ್ನು ಬಿಚ್ಚಿ ನೀಟಾಗಿ ಹೊಲಿದಿಡುವ ಆಸೆ ದೊಡ್ಡವರಿಗೆ ಬಂದೇ ಬರುತ್ತದೆ, ಆದರೆ ತನ್ನ ಸಾಲು ಎಲ್ಲಿತ್ತು ಅನ್ನೋದು ಅವಳಿಗೆ ಬೆಳಿಗ್ಗೆ ಎದ್ದ ಕೂಡಲೇ ಗೊತ್ತಾಗುತ್ತದೆ, ಮುಂದಿನ ಸಲ ಕರೆದರೆ ಬರುವುದಿಲ್ಲ. ಅತ್ತೆಯ ಸಾಲನ್ನು ಸೊಸೆಯೂ ಮುಟ್ಟಬಾರದು, ಸೊಸೆಯ ಸಾಲನ್ನು ಅತ್ತೆಯೂ ಮುಟ್ಟಬಾರದು. ನೋಡಬೇಕಾದದ್ದು ಎರಡೇ: ಕಾಲುಬೆರಳು ಸಿಕ್ಕಿಕೊಳ್ಳುವಷ್ಟು ಉದ್ದದ ಹೊಲಿಗೆ, ಗಂಟಿಲ್ಲದ ದಾರದ ತುದಿ. ಅಂಥಲ್ಲಿ ಹಳೆಯದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಸಾಲು ಹಾಕಿ. ಅದನ್ನೂ ಹೊಲಿದವರ ಕೈಯಲ್ಲೇ ಹಾಕಿಸಿದರೆ ಇನ್ನೂ ಒಳ್ಳೆಯದು.

ಮುಗಿದ ಮೇಲೆ ಕಪಾಟಿನಲ್ಲಿ ಇಡಬೇಡಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ದು ಹಾಸಿ, ಸಜ್ಜೆ ರೊಟ್ಟಿ, ಭಜ್ಜಿ ಊಟ ಅದರ ಮೇಲೇ ಆಗಲಿ. ಕಲೆಯಾದರೆ ಒಗೆದರಾಯಿತು. ನೆನೆದ ಕೌದಿ ಜಾಸ್ತಿ ಭಾರ ಇರುತ್ತದೆ, ಇಬ್ಬರು ಎರಡು ತುದಿ ಹಿಡಿದು ಹಿಂಡಿ, ಬಿಸಿಲಿಗೆ ಹಾಕಿ, ನಡುವೆ ಒಮ್ಮೆ ತಿರುವಿ. ಹರಿದಲ್ಲಿ ಮೇಲೊಂದು ತುಂಡು ಹಚ್ಚಿ. ಆ ತುಂಡು ಮನೆಗೆ ಹೊಸದಾಗಿ ಬಂದ ಸೊಸೆಯದ್ದೋ ಅಳಿಯನದ್ದೋ ಆಗಿರಲಿ.