ಓವರ್‌ಕ್ಲಾಕ್‌ಗೆ ಕೈ ಹಾಕುವ ಮುಂಚೆ

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ಮೊದಲು ಪ್ರೊಸೆಸರ್ ಹೆಸರಿನ ಕೊನೆ ನೋಡಿ. ಇಂಟೆಲ್ ಆದರೆ 12600ಕೆ ತರಹ 'ಕೆ' ಇರಬೇಕು, ಜೊತೆಗೆ ಝಡ್ ಸರಣಿಯ ಮದರ್‌ಬೋರ್ಡ್ ಬೇಕು. ಇಲ್ಲದಿದ್ದರೆ ಸುಮ್ನೆ ಒದ್ದಾಡಬೇಡಿ.

ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಮಲ್ಟಿಪ್ಲೈಯರ್ ಒಂದೊಂದೇ ಏರಿಸಿ. ಬೇಸ್ ಕ್ಲಾಕ್ ಎಂಬ ಮೂಲ ವೇಗ 100 ಮೆಗಾಹರ್ಟ್ಸ್, ಅದನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದ್ದೇ ಪ್ರೊಸೆಸರ್ ವೇಗ, ಹಾಗಾಗಿ 45 ಇದ್ದದ್ದು 46 ಆದರೆ 4.5 ಗಿಗಾಹರ್ಟ್ಸ್ 4.6 ಆಗುತ್ತದೆ. ಪ್ರತಿ ಸಲ ಸಿನಿಬೆಂಚ್ ಎಂಬ ಪರೀಕ್ಷಾ ಸಾಫ್ಟ್‌ವೇರ್ ಅರ್ಧ ಗಂಟೆ ಓಡಿಸಿ, ಪಕ್ಕದಲ್ಲೇ ಬಿಸಿ ಎಷ್ಟಿದೆ ನೋಡುತ್ತಿರಿ. 85 ಡಿಗ್ರಿ ದಾಟಿದರೆ ನಾನಂತೂ ಅಲ್ಲಿಗೇ ನಿಲ್ಲಿಸುತ್ತೇನೆ. ಡಿಸೆಂಬರ್‌ನಲ್ಲಿ ಪಾಸಾದ ಸೆಟ್ಟಿಂಗನ್ನು ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷಿಸಿ. ಆಗ ಫ್ಯಾನ್ ಎಳೆಯುವುದೇ ಬಿಸಿ ಗಾಳಿ, ಅಲ್ವಾ?

ವೋಲ್ಟೇಜ್ ಮುಟ್ಟುವುದು ಕೊನೆಗೆ, ಅದೂ ಒಂದು ಸಲಕ್ಕೆ 0.01 ವೋಲ್ಟ್‌ನಂತೆ. ಜಾಸ್ತಿ ಕೊಟ್ಟರೆ ಚಿಪ್‌ನ ಆಯಸ್ಸು ಕಡಿಮೆ.

ಸ್ಕ್ರೀನ್ ಕಪ್ಪಾಗೇ ಉಳಿದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ಬಟನ್ ಸೆಲ್ ಐದು ನಿಮಿಷ ತೆಗೆದಿಟ್ಟು ಹಾಕಿ. ಸಾಮಾನ್ಯವಾಗಿ ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ.