ಸಣ್ಣ ದೋಣಿಗೆ ಹತ್ತು ಲೀಟರಿನ ಮೂರು ಕ್ಯಾನ್: ನನ್ನ ಅನುಭವ

ದೋಣಿಯ ಪೆಟ್ರೋಲಿಗೆ ಒಂದೇ ದೊಡ್ಡ ಕ್ಯಾನ್ ಇರಬೇಕು ಎಂಬುದು ನಮ್ಮ ಗಂಗೊಳ್ಳಿ ಬದಿಯಲ್ಲಿ ಯಾರೂ ಪ್ರಶ್ನಿಸದ ಮಾತು. ನಾನು ಹತ್ತು ಲೀಟರಿನ ಮೂರು ಕ್ಯಾನ್ ಹೊತ್ತುಕೊಂಡು ದಡಕ್ಕೆ ಬಂದಾಗ ತಲೆಗೊಂದು ಮಾತು ಬಂತು. ಒಂದು ಕ್ಯಾನ್ ಮುಗಿದಾಗ ಸಮುದ್ರದ ನಡುವೆ ಪೈಪ್ ಬಿಚ್ಚಿ ಇನ್ನೊಂದಕ್ಕೆ ಹಾಕುವವರು ಉಂಟಾ, ಅಲೆ ಬಂದರೆ ಏನು ಮಾಡ್ತಿ, ದುಡ್ಡು ದಂಡ ಎಂದರು. ಅದಾಗಿ ಎರಡು ಮಳೆಗಾಲ ಕಳೆದವು. ಎಂಜಿನ್ ಒಮ್ಮೆಯೂ ಪೆಟ್ರೋಲಿನ ಕಾರಣಕ್ಕೆ ನಿಂತಿಲ್ಲ. ಅಂದು ಮಾತಾಡಿದವರಲ್ಲೇ ಕೆಲವರು ಈಗ ಮನೆಗೆ ಬಂದು ಕ್ಯಾನ್ ಎತ್ತಿ ನೋಡಿ, ಎಲ್ಲಿ ತಂದದ್ದು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನನ್ನದು ಹದಿನೆಂಟು ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್. ಪೂರ್ತಿ ಓಟದಲ್ಲಿ ಗಂಟೆಗೆ ನಾಲ್ಕೂವರೆ, ಐದು ಲೀಟರ್ ಕುಡಿಯುತ್ತದೆ. ಮೊದಲು ಸೀಮೆಎಣ್ಣೆ ಎಂಜಿನ್ ಇತ್ತು. ಸಬ್ಸಿಡಿ ಸೀಮೆಎಣ್ಣೆಗೆ ಕಾಯುವುದೇ ಒಂದು ಕೆಲಸವಾದ ಮೇಲೆ ಪೆಟ್ರೋಲಿಗೆ ಬಂದೆ. ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳು ದಡದಲ್ಲಿದ್ದು, ಹತ್ತು ಎಚ್‌ಪಿಯೊಳಗಿನ ನಾಡದೋಣಿಗಳಿಗೆ ಮಾತ್ರ ಅವಕಾಶ ಇರುವ ಕಾಲವೇ ನಮಗೆ ನಾಲ್ಕು ಕಾಸು ಕೊಡುವ ಕಾಲ. ಪೆಟ್ರೋಲಿಗೆ ನೀರು ಸೇರುವುದೂ ಅದೇ ಕಾಲದಲ್ಲಿ.

ಎಲ್ಲರ ಹಾಗೆ ನನ್ನ ದೋಣಿಯಲ್ಲೂ ಇದ್ದದ್ದು 35 ಲೀಟರಿನ ನೀಲಿ ಕ್ಯಾನ್, ಯಾವುದೋ ಕಾರ್ಖಾನೆಯಿಂದ ಬಂದ ಕೆಮಿಕಲ್ ಕ್ಯಾನ್, ಗುಜರಿಯಲ್ಲಿ 300 ರೂಪಾಯಿ ಆಸುಪಾಸು. ತುಂಬಿದರೆ ಇಪ್ಪತ್ತೇಳು, ಇಪ್ಪತ್ತೆಂಟು ಕಿಲೋ. ಮೊಣಕಾಲು ನೀರಿನಲ್ಲಿ ನಿಂತು ಅದನ್ನು ದೋಣಿಗೆ ಏರಿಸುವುದಕ್ಕೆ ಇಬ್ಬರು ಬೇಕು. ಅರ್ಧ ಖಾಲಿಯಾದ ಮೇಲೆ ಒಳಗಿನ ಪೆಟ್ರೋಲ್ ಅತ್ತಿತ್ತ ಹೊಯ್ದಾಡಿ, ಅಳಿವೆ ಬಾಯಲ್ಲಿ ದೋಣಿಯನ್ನು ಅಡ್ಡಕ್ಕೆ ಎಳೆಯುತ್ತದೆ. ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಅದರ ಮುಚ್ಚಳ. ಅದರ ವಾಷರ್ ಕೆಮಿಕಲಿಗೆ ಮಾಡಿದ್ದು, ಪೆಟ್ರೋಲಿಗೆ ಉಬ್ಬುತ್ತದೆ, ಉಬ್ಬಿದ ಮೇಲೆ ಸರಿಯಾಗಿ ಕೂರುವುದಿಲ್ಲ. ಮಳೆನೀರು ಅಲ್ಲಿಂದಲೇ ಇಳಿಯಿತು. ಒಂದು ಜುಲೈ ಬೆಳಿಗ್ಗೆ ಅಳಿವೆಯಿಂದ ಸ್ವಲ್ಪ ಹೊರಗೆ ಎಂಜಿನ್ ಹಿಡಿದುಕೊಂಡಿತು. ಹಗ್ಗ ಎಳೆದರೆ ಅಲುಗುವುದೇ ಇಲ್ಲ. ಇನ್ನೊಂದು ದೋಣಿಯವರು ಎಳೆದು ತಂದರು. ಮೆಕ್ಯಾನಿಕ್ ಬಿಚ್ಚಿದಾಗ ಪಿಸ್ಟನ್ನಿನ ಎಕ್ಸಾಸ್ಟ್ ಬದಿ ಪೂರ್ತಿ ಉದ್ದುದ್ದ ಗೀರು, ಆಯಿಲ್ ಸಿಗದೆ ಉಜ್ಜಿದ ಗುರುತು. ಪಿಸ್ಟನ್, ರಿಂಗ್, ಬೋರ್ ಕೆಲಸ, ಕೂಲಿ ಸೇರಿ ಹದಿನಾಲ್ಕು, ಹದಿನೈದು ಸಾವಿರ. ಜೊತೆಗೆ ಒಳ್ಳೆಯ ಬಂಗುಡೆ ಸೀಸನ್ನಿನ ಹತ್ತಿರ ಹತ್ತಿರ ಎರಡು ವಾರ ಹೋಯಿತು.

ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ನನ್ನ ಮಿಶ್ರಣ ಸರಿಯಾಗಿಯೇ ಇತ್ತು, ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. ಹಾಗಾದರೆ ಆಯಿಲ್ ಎಲ್ಲಿಗೆ ಹೋಯಿತು? ಉತ್ತರಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ, ನೀವೂ ಮಾಡಿ ನೋಡಿ. ಗಾಜಿನ ಬಾಟಲಿಗೆ 100 ಎಂಎಲ್ ಬಂಕಿನ ಪೆಟ್ರೋಲ್, ಎರಡು ಎಂಎಲ್ ಟೂ ಟಿ ಆಯಿಲ್, 10 ಎಂಎಲ್ ನೀರು. ಚೆನ್ನಾಗಿ ಕುಲುಕಿ ಹತ್ತು ನಿಮಿಷ ಇಡಿ. ತಳದಲ್ಲಿ ಹತ್ತು ಎಂಎಲ್ ನೀರಲ್ಲ, ಇಪ್ಪತ್ತೈದು, ಮೂವತ್ತು ಎಂಎಲ್ ಪದರ ನಿಲ್ಲುತ್ತದೆ. ಈಗಿನ ಇ20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇರುವ ಎಥನಾಲ್ ನೀರಿನ ಕೂಡೆ ಕೆಳಗಿಳಿಯುತ್ತದೆ. ಹಸಿರು ಟೂ ಟಿ ಬಣ್ಣ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕೆಳಗಿನ ಪದರ ನೋಡಿದರೆ ಬರೀ ತಿಳಿ. ನಮ್ಮ ಕ್ಯಾನಿನ ಕೊಳವೆ ಹೀರುವುದು ತಳದಿಂದ. ಅಂದರೆ ಆಯಿಲ್ ಇಲ್ಲದ, ನೀರು ಬೆರೆತ ಎಥನಾಲ್ ನೇರ ಸಿಲಿಂಡರಿಗೆ. ಸ್ವಲ್ಪ ನೀರನ್ನು ಇ20 ಹಾಗೂ ಹೀಗೂ ಕರಗಿಸಿಕೊಳ್ಳುತ್ತದೆ, ಅದು ದಾಟಿದರೆ ಬೇರೆಯಾಗುತ್ತದೆ. ಹಾಗಾಗಿ ಕ್ಯಾನ್ ಆರಿಸುವುದೆಂದರೆ ಮುಚ್ಚಳ ಆರಿಸುವುದು, ಉಳಿದದ್ದೆಲ್ಲ ಆಮೇಲೆ.

ಆಮೇಲೆ ತಂದದ್ದು ಸ್ಟೀಲ್ ಜೆರಿಕ್ಯಾನ್, 20 ಲೀಟರ್, 2,500 ರೂಪಾಯಿ ಹತ್ತಿರ. 1930ರ ದಶಕದಲ್ಲಿ ಜರ್ಮನರು ಸೈನ್ಯಕ್ಕೆ ಮಾಡಿದ ವಿನ್ಯಾಸ. ಒಬ್ಬನೇ ಹಿಡಿಯಲಿಕ್ಕೂ, ಕೈಯಿಂದ ಕೈಗೆ ದಾಟಿಸಲಿಕ್ಕೂ ಆಗುವ ಮೂರು ಹಿಡಿ, ಒತ್ತಿದರೆ ಬಿಗಿಯಾಗುವ ಲಿವರ್ ಮುಚ್ಚಳ. ಮುಚ್ಚಳದ ಮಟ್ಟಿಗೆ ಅದನ್ನು ಮೀರಿಸುವುದು ಈಗಲೂ ಕಷ್ಟ. ಆದರೆ ಉಪ್ಪುನೀರಿಗೆ ಅದು ಆಗುವುದಿಲ್ಲ. ತಳದ ಜೋಡಣೆಯಲ್ಲಿ ಒಂದು ಸೀಸನ್ನಿಗೇ ತುಕ್ಕು, ಒಳಗಿನ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು ಫಿಲ್ಟರ್ ಕಟ್ಟಿತು. ಈಗ ಅದು ಬಂಕಿನಿಂದ ಮನೆಗೆ ಪೆಟ್ರೋಲ್ ತರುವುದಕ್ಕೆ ಮಾತ್ರ. ಪ್ಲಾಸ್ಟಿಕ್ ಕಂಡರೆ ಬಂಕಿನವರು ಹಾಕುವುದಿಲ್ಲ, ಸ್ಟೀಲಿಗೆ ತಕರಾರಿಲ್ಲ. ತುಂಬಿಸುವಾಗ ಕ್ಯಾನ್ ನೆಲದ ಮೇಲೆಯೇ ಇರಲಿ. ಬೈಕಿನ ಕ್ಯಾರಿಯರ್ ಮೇಲೆ ಇಟ್ಟು ತುಂಬಿಸಬೇಡಿ, ಸ್ಟಾಟಿಕ್ ಕಿಡಿ ಸಾಕು.

ಮಟ್ಟ ತೋರಿಸುವ ಗೇಜ್ ಇರುವ, ದೋಣಿಗೆಂದೇ ಮಾಡಿದ 12 ಲೀಟರಿನ ಮರೀನ್ ಟ್ಯಾಂಕ್ ಕೂಡ ಕೊಂಡೆ. ಆರು ಸಾವಿರದ ಮೇಲೆ ಆಯಿತು. ನೋಡಲಿಕ್ಕೆ ಚಂದ. ಮೂರು ತಿಂಗಳಲ್ಲಿ ಗೇಜಿನ ಮುಳ್ಳು ಅರ್ಧದಲ್ಲೇ ನಿಂತಿತು, ಅರ್ಧ ಇದೆ ಎಂದು ತೋರಿಸುತ್ತಿದ್ದಾಗಲೇ ಟ್ಯಾಂಕ್ ಒಣಗಿತು. ಮಾರಿದವರು ಬದಲಿಸಿ ಕೊಡಲಿಲ್ಲ.

ಕೊನೆಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾನ್, ಹತ್ತು ಲೀಟರ್. ಒಂದಕ್ಕೆ 600 ರೂಪಾಯಿ ಸುಮಾರು. ತಳದಲ್ಲಿ ತ್ರಿಕೋನದೊಳಗೆ 2 ಅಂಕಿ ಇರಬೇಕು. ಆದರೆ ಅದೊಂದೇ ನೋಡಿ ತರಬೇಡಿ, ತೆಳು ಕ್ಯಾನಿಗೂ ಅದೇ ಗುರುತು ಇರುತ್ತದೆ. ನಾನು ಅಂಗಡಿಗೆ ಮೀನು ತೂಗುವ ತಕ್ಕಡಿ ಒಯ್ದೆ. ಖಾಲಿ ಕ್ಯಾನ್ ಐನೂರು ಗ್ರಾಮಿಗಿಂತ ಕಡಿಮೆ ಇದ್ದರೆ ಬೇಡ, ಆರುನೂರೈವತ್ತರ ಮೇಲಿದ್ದರೆ ಒಳ್ಳೆಯದು. ಎರಡನೆಯದು ಟಾರ್ಚ್. ಮೊಬೈಲ್ ಟಾರ್ಚನ್ನು ಬಾಯಿಗೆ ಹಿಡಿದು ಕ್ಯಾನನ್ನು ಕತ್ತಲೆ ಮೂಲೆಯಲ್ಲಿ ತಿರುಗಿಸಿ. ಗೋಡೆ ಒಂದೇ ಸಮ ಮಂದವಾಗಿ ಕಾಣಬೇಕು. ಕೆಳಗಿನ ಮೂಲೆಗಳಲ್ಲೋ ಹಿಡಿಯ ಬುಡದಲ್ಲೋ ಬೆಳಕು ಹೆಚ್ಚು ಹೊಳೆದರೆ ಅಲ್ಲಿ ಪ್ಲಾಸ್ಟಿಕ್ ಹಪ್ಪಳದಷ್ಟು ತೆಳುವಾಗಿದೆ ಎಂದರ್ಥ, ಒಡೆಯುವುದು ಅಲ್ಲಿಂದಲೇ. ಅಂಗಡಿಯವನು ಹತ್ತಿಪ್ಪತ್ತು ಕ್ಯಾನ್ ಇಳಿಸಿ ಕೊಡಬೇಕಾಯಿತು, ಮುಖ ಗಂಟಿಕ್ಕಿದ. ಇಳಿಸಿದ್ದರಲ್ಲಿ ನಾಲ್ಕು ಪಾಸಾದವು, ನಾಲ್ಕನ್ನೂ ತಂದೆ. ಒಂದು ಮನೆಯಲ್ಲಿ ಹೆಚ್ಚುವರಿಯಾಗಿ ಖಾಲಿ ಇದೆ.

ತೆಳುವಿಗೂ ದಪ್ಪಕ್ಕೂ ಏನು ವ್ಯತ್ಯಾಸ ಎಂದು ವಾದಿಸುವವರಿಗಾಗಿ ಇನ್ನೊಂದು ಲೆಕ್ಕ. ಎರಡೂ ಬಗೆಯ ಕ್ಯಾನ್ ತುಂಬಿ, ಬಿಗಿದು, ಹೊರಗಿನ ಮಾಡಿನ ಕೆಳಗೆ ಗಾಳಿಯಾಡುವಲ್ಲಿ ಒಂದು ತಿಂಗಳು ಇಟ್ಟು ತೂಗಿದೆ. ಎರಡೂ ಹನಿ ಸೋರಿರಲಿಲ್ಲ. ಆದರೂ ತೆಳುವಿನದರಲ್ಲಿ 150 ಗ್ರಾಂ ಹತ್ತಿರ ಕಮ್ಮಿ, ದಪ್ಪದ್ದರಲ್ಲಿ ಅದರ ಅರ್ಧ. ಪೆಟ್ರೋಲ್ ಗೋಡೆಯ ಮೂಲಕವೇ ಹೊರಗೆ ಹೋಗುತ್ತದೆ. ಆ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತದೆ. ಹಾಗಾಗಿ ದೋಣಿಯ ಮುಂಭಾಗದ ಮುಚ್ಚಿದ ಪೆಟ್ಟಿಗೆಯೊಳಗೆ ಕ್ಯಾನ್ ಇಡುವ ಅಭ್ಯಾಸ ಬಿಡಿ. ನನ್ನವು ಹಿಂದೆ, ತೆರೆದ ಜಾಗದಲ್ಲಿ, ಪಟ್ಟಿ ಬಿಗಿದು ಕೂತಿರುತ್ತವೆ.

ಬಿಸಿಲಿಗೆ ಒದ್ದೆ ಗೋಣಿ ಸುತ್ತಿ ನೋಡಿದೆ. ಕ್ಯಾನ್ ಕೈಗೆ ತಣ್ಣಗೇ ಹತ್ತಿತು, ಉಬ್ಬಲೂ ಇಲ್ಲ. ಆದರೆ ಸಮುದ್ರದ ನೀರಿನಲ್ಲಿ ಒದ್ದೆ ಮಾಡಿದ ಗೋಣಿ ಒಣಗಿದಾಗ ಮುಚ್ಚಳದ ತಿರುಪಿನಲ್ಲಿ ಉಪ್ಪು ಕಟ್ಟುತ್ತದೆ. ಈಗ ಬಿಳಿ ಟಾರ್ಪಾಲಿನ ಅಂಗಿ ಹೊಲಿಸಿದ್ದೇನೆ, ಮಟ್ಟ ಕಾಣಲಿಕ್ಕೆ ಎರಡು ಬೆರಳಗಲದ ಸೀಳು ಬಿಟ್ಟು. ಗೇಜ್ ಬೇಡವೇ ಬೇಡ. ಬಾಯಿ ತನಕ ತುಂಬಬೇಡಿ. ಬೆಳಗಿನ ತಂಪಿನಿಂದ ನಡು ಮಧ್ಯಾಹ್ನದ ಕಾವಿಗೆ ಹತ್ತು ಲೀಟರ್ ಪೆಟ್ರೋಲ್ ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಒಂಬತ್ತೂವರೆ ಲೀಟರಿಗೆ ನಿಲ್ಲಿಸಿ.

ವಾಷರ್ ವಿಷಯ. ಪೇಟೆಯಲ್ಲಿ ಸಿಗುವ ಕಪ್ಪು ರಬ್ಬರ್, ಕೆಂಪು ಸಿಲಿಕೋನ್, ನೈಟ್ರೈಲ್ ಮೂರನ್ನೂ ಎರಡು ದಿನ ಪೆಟ್ರೋಲಿನಲ್ಲಿ ನೆನೆಸಿದೆ. ಸಾದಾ ರಬ್ಬರ್ ಮೆತ್ತಗಾಗಿ ದೊಡ್ಡದಾಯಿತು, ಸಿಲಿಕೋನೂ ಉಬ್ಬಿತು, ನೈಟ್ರೈಲ್ ಹೆಚ್ಚು ಕಡಿಮೆ ಹಾಗೇ ಇತ್ತು. ವಿಟಾನ್ ಎಂಬ ರಬ್ಬರಿನದು ಸಿಕ್ಕರೆ ಇನ್ನೂ ಒಳ್ಳೆಯದು. ಸರಿಯಾದ ಅಳತೆಯದು ನನಗೆ ಬೇರೆ ಯಾವುದೋ ಯಂತ್ರದ ಬಿಡಿಭಾಗದಲ್ಲಿ ಸಿಕ್ಕಿತು. ಯಾವುದು ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಕುಂದಾಪುರದಲ್ಲಿ ಆ ಸ್ಟಾಕ್ ಖಾಲಿಯಾಗುತ್ತದೆ. ವಾಷರ್ ಹಾಕಿ ಕ್ಯಾನಿಗೆ ಪೆಟ್ರೋಲ್ ತುಂಬಿ, ತಲೆಕೆಳಗು ಮಾಡಿ ರಾತ್ರಿಯಿಡೀ ಹೊರಗೆ ಇಡಿ, ಕೆಳಗೊಂದು ರಟ್ಟು ಹಾಕಿ. ಬೆಳಿಗ್ಗೆ ರಟ್ಟಿನ ಮೇಲೆ ಕಲೆಯೂ ಇರಬಾರದು, ವಾಸನೆಯೂ ಇರಬಾರದು.

ಇನ್ನು ಎಲ್ಲರೂ ಎತ್ತಿದ ಪ್ರಶ್ನೆ, ಸಮುದ್ರದಲ್ಲಿ ಕ್ಯಾನ್ ಬದಲಿಸುವುದು. ಪ್ರತಿ ಕ್ಯಾನಿನ ಮುಚ್ಚಳಕ್ಕೂ ಅದರದೇ ಹೀರು ಕೊಳವೆ, ಗಾಳಿ ತಿರುಪು, ಒತ್ತಿದರೆ ಕೂರುವ ಕನೆಕ್ಟರ್ ಇದೆ. ಪೈಪ್ ಒಂದೇ. ಎಂಜಿನ್ ನಿಧಾನ ಓಟಕ್ಕೆ ಇಳಿಸಿ, ಹಳೆಯದನ್ನು ತೆಗೆದು ಹೊಸದಕ್ಕೆ ಒತ್ತಿ, ಪೈಪಿನ ನಡುವೆ ಪೆಟ್ರೋಲ್ ತಳ್ಳಲಿಕ್ಕೆ ಇರುವ ರಬ್ಬರ್ ಬಲ್ಬ್ ಎರಡು ಸಲ ಹಿಂಡಿದರೆ ಮುಗಿಯಿತು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲಿಗೇ ಅಷ್ಟು ಹೊತ್ತು ಎಂಜಿನ್ ಓಡುತ್ತದೆ, ನಿಲ್ಲುವುದಿಲ್ಲ. ಹೊಸ ಕ್ಯಾನಿನ ಗಾಳಿ ತಿರುಪು ಮೊದಲೇ ಸಡಿಲಿಸಿರಬೇಕು, ಇಲ್ಲವಾದರೆ ಕ್ಯಾನ್ ಒಳಕ್ಕೆ ಸೊಟ್ಟಗಾಗಿ ಬಲ್ಬ್ ಚಪ್ಪಟೆಯಾಗುತ್ತದೆ. ಕೊಳವೆಯ ತುದಿ ತಳಕ್ಕೆ ತಾಗದೆ ಒಂದು ಬೆರಳಿನಷ್ಟು ಮೇಲಿರಲಿ, ಓರೆಯಾಗಿ ಕತ್ತರಿಸಿ. ಸ್ವಲ್ಪ ನೀರು ಇಳಿದರೂ ಅದು ಕೆಳಗೇ ಉಳಿಯುತ್ತದೆ. ಕೊಳವೆಯನ್ನು ಮುಚ್ಚಳದಲ್ಲಿ ಸೋರದಂತೆ ಕೂರಿಸಿದ ರೀತಿ ನನ್ನಲ್ಲೇ ಇರಲಿ. ಅಂಟು ಹಾಕಲು ಹೋಗಬೇಡಿ, ಎಪಾಕ್ಸಿಯಾಗಲಿ ಎಂ ಸೀಲ್ ಆಗಲಿ ಎಚ್‌ಡಿಪಿಇಗೆ ಹಿಡಿಯುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಮೂರು ಕ್ಯಾನಿನ ಲೆಕ್ಕ ನೇರ. ಒಂದು ಹೋಗಲಿಕ್ಕೆ, ಒಂದು ಬರಲಿಕ್ಕೆ, ಒಂದು ಮುಟ್ಟಲಿಕ್ಕಿಲ್ಲ. ಮೊದಲ ಕ್ಯಾನ್ ಮುಗಿಯಿತೆಂದರೆ ತಿರುಗಬೇಕು, ಮುಂದೆ ಎಷ್ಟು ಮೀನು ಕಂಡರೂ. ತುಂಬಿದ ಒಂದು ಕ್ಯಾನ್ ಎಂಟು ಕಿಲೋ ಸುಮಾರು, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ದೋಣಿಯ ಅಂಚು ಹಿಡಿದು ಹತ್ತಬಹುದು. ಒಂದಕ್ಕೆ ನೀರು ಸೇರಿದರೂ ಇನ್ನೆರಡು ಸುರಕ್ಷಿತ. ನೀರಿಗೆ ಬಿದ್ದರೆ ತೇಲುತ್ತದೆ, ಗಾಳದ ಕೊಕ್ಕೆಯಲ್ಲಿ ಎಳೆದುಕೊಳ್ಳಬಹುದು. ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ ಪೆಟ್ರೋಲ್ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆ ಬಿಡುವುದೂ 30 ಲೀಟರ್ ತನಕ.

ದೋಣಿಯ ಮೂರು ಕ್ಯಾನ್, ಕನೆಕ್ಟರ್, ಕೊಳವೆ, ವಾಷರ್, ಅಂಗಿ ಎಲ್ಲ ಸೇರಿ ನಾಲ್ಕೂವರೆ ಸಾವಿರದೊಳಗೆ ಮುಗಿದಿದೆ. ಕನೆಕ್ಟರುಗಳದ್ದೇ ಅದರಲ್ಲಿ ಅರ್ಧದ ಹತ್ತಿರ. ಅಲ್ಲಿ ಅಗ್ಗದ್ದು ತರಬೇಡಿ, ಒಳಗಿನ ಓ ರಿಂಗ್ ಹೋದರೆ ಎಂಜಿನ್ ಗಾಳಿ ಎಳೆಯುತ್ತದೆ.

ಮೂರನೆಯ ಕ್ಯಾನಿಗೆ ಮಾತ್ರ ನಾನು ಆಯಿಲ್ ಬೆರೆಸುವುದಿಲ್ಲ. 200 ಎಂಎಲ್ ಟೂ ಟಿ ಬಾಟಲಿ ಅದರ ಹಿಡಿಗೇ ಕಟ್ಟಿರುತ್ತದೆ, ಬೇಕಾದರೆ ಹೊಯ್ದು ಕುಲುಕಿದರಾಯಿತು. ಹದಿನೈದು ದಿನಕ್ಕೊಮ್ಮೆ ಅದರ ಪೆಟ್ರೋಲನ್ನು ಬೈಕಿಗೆ ಹಾಕಿಕೊಂಡು ಹೊಸದು ತುಂಬುತ್ತೇನೆ. ಇ20 ಹಳತಾಗುವಷ್ಟು ಕಾಲ ಅದರಲ್ಲಿ ನಿಲ್ಲುವುದೇ ಇಲ್ಲ.